ಸ್ತನ ಕ್ಯಾನ್ಸರ್ ಚಿಕಿತ್ಸೆಯ ನಂತರದ ಮರೆವು

ಸ್ತನ ಕ್ಯಾನ್ಸರಿನ ಚಿಕಿತ್ಸೆ ಪಡೆದ ಹಲವು ಮಹಿಳೆಯರಲ್ಲಿ ಮರೆವು ಕಾಣಿಸಿಕೊಳ್ಳುತ್ತದೆ. ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದು ನಿಲ್ಲುತ್ತದೆ, ಒಂದೇ ಕೆಲಸದ ಮೇಲೆ ಗಮನ ನಿಲ್ಲುವುದಿಲ್ಲ. ತೆಲಂಗಾಣದ ಗದ್ವಾಲ ಸೀರೆಯ ಸೀಮೆಯಲ್ಲಿ ಮಗ್ಗದ ಮುಂದೆ ಕೂತವಳಿಗೆ ಅಂಚಿನ ಬುಟ್ಟಾದ ಎಳೆಗಳ ಲೆಕ್ಕ ನಡುವೆಯೇ ತಪ್ಪಿಹೋಗಬಹುದು. ಇದು ಸೋಮಾರಿತನವಲ್ಲ, ಹುಚ್ಚೂ ಅಲ್ಲ.

ಕೀಮೋಥೆರಪಿಯೊಂದೇ ಇದಕ್ಕೆ ಕಾರಣವಲ್ಲ. ಹಾರ್ಮೋನ್ ಮಾತ್ರೆ, ಅವಧಿಗೆ ಮುನ್ನ ನಿಲ್ಲುವ ಮುಟ್ಟು, ರಕ್ತಹೀನತೆ, ನಿದ್ರೆಗೇಡು, ದಣಿವು, ಭಯ ಎಲ್ಲವೂ ಕೂಡಿಕೊಳ್ಳುತ್ತವೆ. ಕೆಲವರಲ್ಲಿ ಚಿಕಿತ್ಸೆಗೆ ಮೊದಲೇ ತೊಂದರೆ ಕಾಣುವುದುಂಟು. ಬಹುಪಾಲು ಮಂದಿ ತಿಂಗಳುಗಳಲ್ಲಿ ಸುಧಾರಿಸುತ್ತಾರೆ, ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತದೆ.

2022ರ ಅಂದಾಜಿನಂತೆ ಭಾರತದಲ್ಲಿ ಆ ವರ್ಷ ಸುಮಾರು 1.9 ಲಕ್ಷ ಮಹಿಳೆಯರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಪತ್ತೆಯಾಯಿತು. ಸಂಸಾರ, ಕೂಲಿ ಎರಡೂ ಹೆಗಲ ಮೇಲಿರುವ ವಯಸ್ಸಿನವರೇ ಅವರಲ್ಲಿ ಅನೇಕರು.

ಎಲ್ಲವನ್ನೂ ಬರೆದಿಟ್ಟುಕೊಳ್ಳಿ ಎಂಬುದು ವೈದ್ಯರ ಸಾಮಾನ್ಯ ಸಲಹೆ. ಸಾಕ್ಷರತೆ ತೀರಾ ಕಡಿಮೆಯಿರುವ, ಅದೇ ಗದ್ವಾಲ ಸೀಮೆಯ ಗಟ್ಟು ಮಂಡಲದಂಥ ಕಡೆ ಈ ಸಲಹೆ ಅರ್ಧ ದಾರಿಗೇ ನಿಲ್ಲುತ್ತದೆ. ಅಲ್ಲಿ ಬೇಕಾದದ್ದು ಬೇರೆ: ಬೆಳಗಿನ ಮಾತ್ರೆಗೆ ಕೆಂಪು ಚೀಲ, ರಾತ್ರಿಯದಕ್ಕೆ ಹಸಿರು ಚೀಲ, ಮುಂದಿನ ತಪಾಸಣೆಯ ದಿನ ಮಗಳ ಫೋನಿನಲ್ಲಿ ಧ್ವನಿಯಾಗಿ, ಕೀಲಿಕೈಗೆ ಒಂದೇ ಗೂಟ. ದಿನವೂ ನಡಿಗೆ, ಹೊತ್ತಿಗೆ ಸರಿಯಾದ ನಿದ್ರೆ ಸಹಾಯಕ. ರಕ್ತಹೀನತೆ, ಥೈರಾಯ್ಡ್, ಬಿ12 ಕೊರತೆಗಳನ್ನು ಪರೀಕ್ಷಿಸಿ ಸರಿಪಡಿಸಬಹುದು. ಹಾರ್ಮೋನ್ ಮಾತ್ರೆಯನ್ನು ಮಾತ್ರ ವೈದ್ಯರನ್ನು ಕೇಳದೆ ನಿಲ್ಲಿಸಬಾರದು; ರೋಗ ಮರುಕಳಿಸದಂತೆ ಕಾಯುವುದು ಅದೇ. ಮರೆವನ್ನು ವೈದ್ಯರಿಗೆ ಹೇಳುವಾಗ ಮನೆಯವರೊಬ್ಬರು ಜೊತೆಗಿದ್ದರೆ ಬಿಟ್ಟುಹೋದದ್ದನ್ನು ಅವರು ಸೇರಿಸುತ್ತಾರೆ.