ಜಾಲಪುಟಕ್ಕೆ ದನಿ ಬಂದ ಕಥೆ



ಕಣ್ಣು ಕಾಣದವರು ಕಂಪ್ಯೂಟರ್ ಹೇಗೆ ಬಳಸುತ್ತಾರೆಂದು ಈಗಲೂ ಅಚ್ಚರಿಪಡುವವರಿದ್ದಾರೆ. ಕಿವಿಯಿಂದ ಬಳಸುತ್ತಾರೆ. ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಎನ್ನುತ್ತಾರೆ. 1980ರ ದಶಕದ ಡಾಸ್ ಕಾಲದಲ್ಲಿ ಪರದೆಯ ತುಂಬ ಬರೀ ಅಕ್ಷರದ ಸಾಲುಗಳು. ಐಬಿಎಂನ ಜಿಮ್ ಥ್ಯಾಚರ್ ಆಗಲೇ ಅವನ್ನು ದನಿಗಿಳಿಸಿದ್ದರು. ಆಮೇಲೆ ವಿಂಡೋಸ್ ಬಂತು. ಚಿತ್ರ, ಗುಂಡಿ, ಮೌಸ್ ಬಂದು ನೋಡುವವರಿಗೆ ಸಲೀಸಾಯಿತು, ಕೇಳುವವರಿಗೆ ದಾರಿಯೇ ಕಟ್ಟಿತು. ಆ ದಾರಿ ಬಿಡಿಸಿದ್ದರಲ್ಲಿ 1995ರಲ್ಲಿ ವಿಂಡೋಸ್‌ಗೆ ಬಂದ ಜಾಸ್ ಎಂಬ ಸ್ಕ್ರೀನ್ ರೀಡರ್ ಮುಖ್ಯವಾದದ್ದು. ಅದರ ಹಿಂದಿದ್ದ ಟೆಡ್ ಹೆಂಟರ್ ಮೊದಲು ರೇಸ್‌ಗಳಲ್ಲಿ ಬೈಕ್ ಓಡಿಸುತ್ತಿದ್ದವರು. ಕಾರು ಅಪಘಾತದಲ್ಲಿ ದೃಷ್ಟಿ ಕಳೆದುಕೊಂಡಿದ್ದರು.

ಅಂತರ್ಜಾಲದ ಮಟ್ಟಿಗೆ ಮಾತ್ರ ನನ್ನ ಮೊದಲ ನಮಸ್ಕಾರ ಜಪಾನಿನ ಚಿಯೆಕೊ ಅಸಕಾವಾ ಅವರಿಗೆ. ಈಜುಕೊಳದಲ್ಲಾದ ಪೆಟ್ಟಿನಿಂದ 14ನೆಯ ವಯಸ್ಸಿಗೆ ಪೂರ್ತಿ ದೃಷ್ಟಿ ಹೋಗಿತ್ತು. ಐಬಿಎಂನ ಸಂಶೋಧಕಿಯಾಗಿ ಅವರು ರೂಪಿಸಿದ ಹೋಮ್ ಪೇಜ್ ರೀಡರ್ 1997ರಲ್ಲಿ ಹೊರಬಂತು. ಜಾಲಪುಟದಲ್ಲಿ ಯಾವುದು ಬರೀ ಮಾತು, ಯಾವುದು ಇನ್ನೊಂದು ಪುಟಕ್ಕೆ ಒಯ್ಯುವ ಕೊಂಡಿ ಎಂಬುದು ಕಣ್ಣಿಗೆ ಬಣ್ಣದಿಂದ, ಅಡಿಗೆರೆಯಿಂದ ಗೊತ್ತಾಗುತ್ತದೆ. ಕಿವಿಗೆ? ಅಸಕಾವಾ ಮಾತನ್ನು ಗಂಡಸಿನ ದನಿಗೆ, ಕೊಂಡಿಯನ್ನು ಹೆಂಗಸಿನ ದನಿಗೆ ಕೊಟ್ಟರು. ಪುಟದಿಂದ ಪುಟಕ್ಕೆ ಹೋಗಲು ಕೀಲಿಮಣೆಯ ಅಂಕಿಗಳೇ ಸಾಕಾದವು. ಎಷ್ಟು ಸರಳ! ಆದರೆ ಕಿವಿಯಿಂದಲೇ ಬದುಕಿದವರಿಗಲ್ಲದೆ ಬೇರೆಯವರಿಗೆ ಇದು ಹೊಳೆಯುವುದು ಕಷ್ಟ.

ಇನ್ನುಳಿದದ್ದು ಬೆಲೆ. ಜಾಸ್ ಸಾಮಾನ್ಯರ ಕೈಗೆಟುಕುತ್ತಿರಲಿಲ್ಲ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಆರಂಭಿಸಿದರು, ಜೇಮ್ಸ್ ಟೆಹ್ ಜೊತೆಗೂಡಿದರು, ಇಬ್ಬರೂ ಅಂಧರು. ಅದು ಪುಕ್ಕಟೆ. ಇ-ಸ್ಪೀಕ್ ಎಂಬ ಮುಕ್ತ ದನಿಯಂತ್ರದ ನೆರವಿನಿಂದ ಕನ್ನಡವನ್ನೂ ಓದುತ್ತದೆ. ದನಿ ಸ್ವಲ್ಪ ಒರಟು, ನಿಜ. ರೂಢಿಯಾದವರು ನಮಗೆ ಅರ್ಥವಾಗದಷ್ಟು ವೇಗದಲ್ಲಿ ಕೇಳಿಸಿಕೊಳ್ಳುತ್ತಾರೆ.

ಆದರೂ ಎಷ್ಟೋ ಕನ್ನಡ ಬರಹದ ಮುಂದೆ ಈ ತಂತ್ರಾಂಶ ಸೋಲುತ್ತದೆ. ಪ್ರತಿ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್ ಪದ್ಧತಿಗಿಂತ ಹಳೆಯ ಫಾಂಟುಗಳಲ್ಲಿ ಕನ್ನಡ ಅಕ್ಷರದ ಹಿಂದೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳೇ ಅಡಗಿರುತ್ತವೆ. ಯಂತ್ರ ಅವನ್ನೇ ಒದರುತ್ತದೆ. ಸುತ್ತೋಲೆಯನ್ನು ಫೋಟೊ ತೆಗೆದು ಹಾಕಿದರಂತೂ ‘ಚಿತ್ರ’ ಎಂದಷ್ಟೇ ಹೇಳಿ ಸುಮ್ಮನಾಗುವುದುಂಟು.

ಜಾಲತಾಣ ನಡೆಸುವ ಕಚೇರಿಗಳವರೇ, ಪತ್ರಿಕೆಯವರೇ, ದಯವಿಟ್ಟು ಯೂನಿಕೋಡ್‌ನಲ್ಲಿ ಬರೆಯಿರಿ. ಚಿತ್ರ ಹಾಕಿದಾಗ ಅದರಲ್ಲೇನಿದೆ ಎಂದು ಒಂದು ಸಾಲು ಸೇರಿಸಿ.