ದಯೆಯೂ ದಾಕ್ಷಿಣ್ಯವೂ

(ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಗಳಿಂದ ಘಟ್ಟದ ದಾರಿಯ ಶ್ರಮವನ್ನು ಲೆಕ್ಕಿಸದೆ ಬಂದು ನೆರೆದಿರುವ ಶರಣಬಂಧುಗಳೇ, ತಾಯಂದಿರೇ,

ಗೃಹಸ್ಥರಿಗೆ ಉಪಯುಕ್ತವಾದ ವಿಷಯವೊಂದನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ಪಾಠಶಾಲೆಯಲ್ಲಿ ವ್ಯಾಕರಣವನ್ನೂ ಶಾಸ್ತ್ರವನ್ನೂ ಓದಿ, ಅವನ್ನೇ ಮಕ್ಕಳಿಗೆ ಹೇಳಿಕೊಡುತ್ತ ತಲೆ ನರೆತವನು ನಾನು. ಲೋಕವ್ಯವಹಾರದಲ್ಲಿ ನಾನು ಪಂಡಿತನಲ್ಲ. ಅದರಲ್ಲಿ ಪೆಟ್ಟು ತಿಂದವನು. ಆ ಪೆಟ್ಟಿನಿಂದ ಕಲಿತುದನ್ನೇ ಇಂದು ತಮ್ಮ ಮುಂದಿಡುವೆನು.

ದಯೆಗೆ ಶರಣರು ಕೊಟ್ಟ ಸ್ಥಾನವನ್ನು ತಮಗೆ ನಾನು ಹೇಳಬೇಕಾದುದಿಲ್ಲ. ಆದರೆ ದಯೆಯ ವೇಷವನ್ನು ಧರಿಸಿ ನಮ್ಮ ಮನೆಯೊಳಗೆ ಓಡಾಡುವ ಇನ್ನೊಂದು ಗುಣವುಂಟು, ಅದೇ ದಾಕ್ಷಿಣ್ಯ. ಪರರ ಇಷ್ಟವನ್ನರಿತು ನಡೆಯುವ ಸೌಜನ್ಯವೆಂದು ಆ ಶಬ್ದಕ್ಕೆ ಅರ್ಥ. ಮೂಲದಲ್ಲಿ ಅದು ಸದ್ಗುಣವೇ ಸರಿ. ಆದರೆ ದಯೆಯು ಎದುರಿಗಿರುವವನ ಕಷ್ಟವನ್ನು ನೋಡುತ್ತದೆ. ದಾಕ್ಷಿಣ್ಯವು 'ಇವನು ನನ್ನನ್ನು ಏನೆಂದುಕೊಂಡಾನು' ಎಂದು ತನ್ನ ಮುಖವನ್ನೇ ನೋಡಿಕೊಳ್ಳುತ್ತದೆ. ದಯೆಯಿಂದ ಕೊಟ್ಟವನಿಗೆ ರಾತ್ರಿ ನಿದ್ರೆ ಬರುತ್ತದೆ. ದಾಕ್ಷಿಣ್ಯದಿಂದ ಕೊಟ್ಟವನಿಗೆ ಬಾರದು. ವಂಚಕನು ಬಾಳುವುದು ನಮ್ಮ ದಯೆಯಿಂದಲ್ಲ, ನಮ್ಮ ದಾಕ್ಷಿಣ್ಯದಿಂದ.

ನನ್ನ ಕಥೆಯನ್ನೇ ಹೇಳುವೆನು. 2001ನೆಯ ಇಸವಿಯ ಸುಮಾರಿನಲ್ಲಿ ಕಾಫಿಯ ಬೆಲೆ ನೆಲಕಚ್ಚಿದ್ದುದು ಇಲ್ಲಿರುವ ಹಿರಿಯರಿಗೆಲ್ಲ ನೆನಪಿದೆ. ಆ ಕಾಲದಲ್ಲಿ ನನ್ನೊಡನೆ ಪಾಠಶಾಲೆಯಲ್ಲಿ ಓದಿದ ಮಿತ್ರನೊಬ್ಬನು ಒಂದು ಸಂಜೆ ಹಣ್ಣುಗಳ ಬುಟ್ಟಿಯೊಡನೆ ಮನೆಗೆ ಬಂದನು. ನನ್ನ ತಾಯಿಯವರು ಅವನಿಗೆ ಕೈತುತ್ತು ಇಕ್ಕಿದ್ದುದನ್ನು ನೆನೆದು ಕಣ್ಣೀರಿಟ್ಟನು. ನನ್ನಂತಹ ವಿದ್ವಾಂಸನು ಈ ಸೀಮೆಯಲ್ಲಿಲ್ಲವೆಂದನು. ಕಡೆಗೆ ಸಾಲದ ಜಾಮೀನು ಪತ್ರವೊಂದನ್ನು ಹೊರತೆಗೆದು, 'ಬರಿಯ ಹೆಸರಿಗೆ ಒಂದು ರುಜು; ನಾಳೆಯೇ ಕೊನೆಯ ದಿನ; ಮನೆಯಲ್ಲಿ ಹೇಳಿ ಸುಮ್ಮನೆ ಗಾಬರಿಪಡಿಸಬೇಡ' ಎಂದನು. ಒಳಗಿನಿಂದ ನನ್ನ ಗೃಹಿಣಿಯು ಬಾಗಿಲ ಬಳಿ ಬಂದು ತಲೆಯಲ್ಲಾಡಿಸಿದುದನ್ನು ಕಂಡೂ ಕಾಣದವನಂತೆ ರುಜು ಹಾಕಿದೆನು. ಮೂರು ವರ್ಷಗಳಲ್ಲಿ ಕಳಸದ ಕಡೆ ನಮ್ಮ ತಂದೆಯವರು ಬಿಟ್ಟುಹೋಗಿದ್ದ ಎರಡು ಎಕರೆ ತೋಟವನ್ನು ಮಾರಿ ಆ ಸಾಲವನ್ನು ತೀರಿಸಬೇಕಾಯಿತು.

ವ್ಯಾಕರಣದ ಸೂತ್ರಗಳನ್ನು ಕಂಠಪಾಠ ಮಾಡಿದ್ದ ನಾನು 1872ನೆಯ ಇಸವಿಯ ಕರಾರು ಕಾಯಿದೆಯ 128ನೆಯ ಕಲಮನ್ನು ಓದಿರಲಿಲ್ಲ. ಬೇರೆ ಕರಾರಿಲ್ಲದಿದ್ದರೆ ಜಾಮೀನುದಾರನ ಹೊಣೆಯು ಸಾಲಗಾರನ ಹೊಣೆಗೆ ಸಮವೆಂದು ಅದು ಹೇಳುತ್ತದೆ. 'ಬರಿಯ ಹೆಸರಿಗೆ' ಎಂಬ ಜಾಮೀನು ಲೋಕದಲ್ಲಿಲ್ಲ.

ಈಗ ಆ ಸಂಜೆಯನ್ನು ಹಿಂದಿರುಗಿ ನೋಡಿದರೆ ನಾಲ್ಕು ಲಕ್ಷಣಗಳು ಸ್ಪಷ್ಟವಾಗಿ ಕಾಣುತ್ತವೆ. ಮಿತಿಮೀರಿದ ಹೊಗಳಿಕೆ ಒಂದು, ಅವಸರ ಎರಡು, ಗುಟ್ಟು ಮೂರು, 'ಇಷ್ಟೇ ಏನು ನಿನ್ನ ಸ್ನೇಹ' ಎಂದು ನಾಚಿಕೆಪಡಿಸುವುದು ನಾಲ್ಕು. ಕಾಲ ಬದಲಾದರೂ ಲಕ್ಷಣಗಳು ಬದಲಾಗಿಲ್ಲ. ಪೊಲೀಸರ ವೇಷದಲ್ಲಿ ದೂರವಾಣಿಯ ತೆರೆಯ ಮೇಲೆ ಕಾಣಿಸಿಕೊಂಡು, 'ನಿನ್ನನ್ನು ಡಿಜಿಟಲ್ ಬಂಧನದಲ್ಲಿರಿಸಿದ್ದೇವೆ, ಯಾರಿಗೂ ಹೇಳಬೇಡ, ಈಗಲೇ ಹಣ ಕಳುಹಿಸು' ಎನ್ನುವವರಿದ್ದಾರೆ. ಹೊಗಳಿಕೆಯ ಸ್ಥಳದಲ್ಲಿ ಭಯ ಬಂದಿದೆ. ಅವಸರವೂ ಗುಟ್ಟೂ ಹಾಗೆಯೇ ಇವೆ. ಅಂತಹ ಬಂಧನವು ಯಾವ ಕಾಯಿದೆಯಲ್ಲಿಯೂ ಇಲ್ಲವೆಂದು 2024ರ ಅಕ್ಟೋಬರಿನಲ್ಲಿ ಪ್ರಧಾನಮಂತ್ರಿಗಳೇ ಆಕಾಶವಾಣಿಯಲ್ಲಿ ತಿಳಿಸಿದರು. ಮೋಸಹೋದವರು ನಾಚಿಕೊಂಡು ಕುಳಿತುಕೊಳ್ಳದೆ ಕೂಡಲೇ 1930ಕ್ಕೆ ಕರೆಮಾಡತಕ್ಕದ್ದು.

ಹಾಗಾದರೆ ಬಾಗಿಲನ್ನೇ ಮುಚ್ಚಿಕೊಳ್ಳಬೇಕೆ? ಅಲ್ಲ. ನಮ್ಮ ಮಲೆನಾಡಿನ ಬೇಲಿಯನ್ನು ನೋಡಿರಿ. ಅದಕ್ಕೆ ಉಣುಗೋಲುಂಟು. ಗಳುಗಳನ್ನು ಸರಿಸಿ ನೆಂಟನು ಒಳಗೆ ಬರುತ್ತಾನೆ. ತುಡುಗು ದನ ಬಾರದು. ಬೇಲಿಯಿಂದ ನೆರೆಯವನಿಗೆ ಅವಮಾನವಾಗುವುದಿಲ್ಲ. ಎರಡು ತೋಟಗಳ ಮೇರೆ ಗೊತ್ತಿದ್ದಲ್ಲಿಯೇ ನೆರೆಹೊರೆ ಬಾಳುತ್ತದೆ. ಮನಸ್ಸಿಗೂ ಅಂತಹ ಮೇರೆಯೊಂದು ಬೇಕು.

ಮೇರೆಯನ್ನು ಹಾಕುವ ಬಗೆಯನ್ನು ಅಕ್ಕಮಹಾದೇವಿಯ ಚರಿತ್ರೆಯಿಂದ ಕಲಿಯಬಹುದು. ನೆರೆಯ ಶಿವಮೊಗ್ಗ ಸೀಮೆಯ ಉಡುತಡಿಯಲ್ಲಿ ಹುಟ್ಟಿದ ಆ ತಾಯಿಯನ್ನು ಕೌಶಿಕರಾಜನು ಬಯಸಿದಾಗ, ಹರಿಹರನ ರಗಳೆಯ ಪ್ರಕಾರ, ಅವಳ ತಂದೆತಾಯಿಗಳಿಗೆ ಬೆದರಿಕೆ ಒದಗಿತು. ಅವಳು ಕೂಗಾಡಲಿಲ್ಲ. ಶಿವಪೂಜೆ, ಮಾಹೇಶ್ವರರ ಸಂಗ, ಗುರುಸೇವೆ ಈ ಮೂರರಲ್ಲಿ ತನ್ನ ಇಚ್ಛೆಯಂತೆ ಇರುವೆನೆಂದು ಮೊದಲೇ ತಿಳಿಸಿದಳು. ಮೂರು ತಪ್ಪುಗಳವರೆಗೆ ಸೈರಿಸುವೆನೆಂದಳು. ಮೂರೂ ಮುಗಿದ ದಿನ ಅರಮನೆಯನ್ನು ಬಿಟ್ಟು ಹೊರಟೇಹೋದಳು. ಮೇರೆಯ ಲಕ್ಷಣವೆಲ್ಲ ಇದರಲ್ಲಿದೆ: ಮೊದಲೇ ಹೇಳಿರಬೇಕು, ಸ್ಪಷ್ಟವಾಗಿ ಹೇಳಿರಬೇಕು, ಮೀರಿದಾಗ ಹೇಳಿದಂತೆಯೇ ನಡೆಯಬೇಕು. ನಡೆಯದಿದ್ದರೆ ಅದು ಮೇರೆಯಲ್ಲ, ಬರಿಯ ಗದರಿಕೆ.

ನಮ್ಮಂತಹ ಸಾಮಾನ್ಯರಿಗೆ ಸಣ್ಣ ನಿಯಮಗಳು ಸಾಕು. ಹಣದ ಮಾತಿಗೂ ರುಜುವಿನ ಮಾತಿಗೂ 'ನಾಳೆ ಹೇಳುವೆನು' ಎನ್ನಿರಿ; ಒಂದು ರಾತ್ರಿಯನ್ನು ತಾಳದ ಸ್ನೇಹವು ಸ್ನೇಹವಲ್ಲ. ಮನೆಯವರಿಗೆ ಹೇಳಬಾರದೆಂಬ ಕೆಲಸವನ್ನು ಮಾಡಲೇಬೇಡಿರಿ. 'ಆಗದು' ಎಂದ ಮೇಲೆ ಕಾರಣಗಳನ್ನು ಪೋಣಿಸಬೇಡಿರಿ. ಪ್ರತಿಯೊಂದು ಕಾರಣವೂ ಅವನಿಗೆ ಹಿಡಿಯಲು ಒಂದು ಹಿಡಿಯಾಗುತ್ತದೆ. ಕಾಫಿ ಗಿಡದ ಕಂಬಚಿಗುರನ್ನು ಎಳೆಯದಾಗಿರುವಾಗಲೇ ಕೈಯಿಂದ ತೆಗೆಯುವಂತೆ, ಮೊದಲನೆಯ ಸಣ್ಣ ಅತಿಕ್ರಮವನ್ನೇ ತಡೆಯಿರಿ; ಬಲಿತ ಮೇಲೆ ಕತ್ತಿ ಬೇಕಾಗುತ್ತದೆ. ಶ್ರೀಮಠದ ಹೆಸರು ಹೇಳಿಕೊಂಡು ಬಂದವನನ್ನೂ ರಸೀದಿ ಕೇಳಿರಿ. ಅದರಿಂದ ಭಕ್ತಿಗೆ ಲೋಪವಿಲ್ಲ.

ತೋಟದ ಯಜಮಾನರಿಗೆ ಒಂದು ವಿಜ್ಞಾಪನೆ. ಮಗುವಿನ ಕಾಯಿಲೆಗೆಂದು ಮುಂಗಡ ಕೇಳಲು ಬಂದ ಕೂಲಿಯ ತಾಯಿಗೆ ಈ ಉಪನ್ಯಾಸವನ್ನು ಒಪ್ಪಿಸಬೇಡಿರಿ. ಅವಳ ಕಷ್ಟವು ಕಣ್ಣಿಗೆ ಕಾಣುವಂತಹುದು. ಅಲ್ಲಿ ಸಲ್ಲತಕ್ಕದ್ದು ದಯೆ. ಕೊಟ್ಟ ಮುಂಗಡವನ್ನೇ ಹಗ್ಗ ಮಾಡಿ ಅವಳನ್ನು ತೋಟಕ್ಕೆ ಕಟ್ಟಿಹಾಕಿದರೆ ಮೇರೆ ಮೀರಿದವರು ನಾವೇ ಆಗುವೆವು. ಅಂತಹ ಜೀತವನ್ನು 1976ನೆಯ ಇಸವಿಯ ಕಾಯಿದೆಯು ರದ್ದುಪಡಿಸಿ, ಆ ಸಾಲವನ್ನೂ ಅಳಿಸಿಹಾಕಿದೆ. ಹಿಡಿತ ಹಾಕುವವನು ಯಾವಾಗಲೂ ಹೊರಗಿನವನೇ ಆಗಿರಬೇಕಾದುದಿಲ್ಲ. ಕನ್ನಡಿಯಲ್ಲಿಯೂ ಒಮ್ಮೆ ನೋಡಿಕೊಳ್ಳತಕ್ಕದ್ದು.

ನನ್ನ ಕಥೆಯ ಕೊನೆಯನ್ನು ಹೇಳಿ ಮುಗಿಸುವೆನು. ತೋಟ ಹೋದ ಆರು ವರ್ಷಗಳ ಮೇಲೆ ಅದೇ ಮಿತ್ರನು ಮಳೆಯಲ್ಲಿ ನೆನೆದು ನಮ್ಮ ಜಗಲಿಗೆ ಬಂದನು. ಒಣಬಟ್ಟೆ ಕೊಟ್ಟೆವು. ನನ್ನ ಗೃಹಿಣಿಯೇ ಎಲೆ ಹಾಕಿ ಬಡಿಸಿದಳು. ಊಟವಾದ ಮೇಲೆ ಅವನು ಜೇಬಿಗೆ ಕೈಹಾಕಿ ಮತ್ತೊಂದು ಕಾಗದವನ್ನು ತೆಗೆಯಹೋದನು. 'ಅದನ್ನು ಬಿಚ್ಚಬೇಡ. ಈ ಮನೆಯಲ್ಲಿ ನಿನಗೆ ಅನ್ನವುಂಟು, ರುಜು ಇಲ್ಲ' ಎಂದೆನು. ನನ್ನ ಧ್ವನಿ ನಡುಗುತ್ತಿತ್ತು; ಆದರೂ ಹೇಳಿದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಕಾಗದವನ್ನು ಒಳಗಿಟ್ಟು ಹೊರಟುಹೋದನು. ಆ ರಾತ್ರಿ ನನಗೆ ಚೆನ್ನಾಗಿ ನಿದ್ರೆ ಬಂದಿತು.

ತಮ್ಮೆಲ್ಲರ ಮನೆಗಳಲ್ಲಿ ಅನ್ನಕ್ಕೆ ಬಾಗಿಲು ತೆರೆದಿರಲಿ, ಮೇರೆಯೂ ಗಟ್ಟಿಯಾಗಿರಲಿ ಎಂದು ಶ್ರೀಸನ್ನಿಧಿಯಲ್ಲಿ ಪ್ರಾರ್ಥಿಸಿ ವಿರಮಿಸುವೆನು.

ಶರಣು ಶರಣಾರ್ಥಿ.