ಫಡ್ನೀಸರ ದಫ್ತರದಿಂದ ಹನ್ನೊಂದನೆಯ ತರಗತಿಗೆ

ಪುಣೆಯಲ್ಲಿ ಲೆಕ್ಕ ಬರೆಯುವುದು ಹಳೆಯ ವಿದ್ಯೆ. ಅದು ಶಾಲೆಯ ಪಾಠವಾದದ್ದು ಮಾತ್ರ ತೀರ ಈಚೆಗೆ.

ಪೇಶ್ವೆಯರ ಕಾಲದಲ್ಲಿ ಲೆಕ್ಕ ಕಲಿಯಬೇಕೆಂದರೆ ಬಹುಮಟ್ಟಿಗೆ ಲೆಕ್ಕದವರ ಮನೆಯಲ್ಲೇ ಹುಟ್ಟಬೇಕಿತ್ತು. ಹುಡುಗ ಪಂತೋಜಿಯ ಹತ್ತಿರ ಪಾವಕಿ, ನಿಮಕಿ, ದೀಡಕಿ ಬಾಯಿಪಾಠ ಮಾಡುತ್ತಿದ್ದ. ಅಂದರೆ ಕಾಲು, ಅರ್ಧ, ಒಂದೂವರೆಯ ಮಗ್ಗಿಗಳು. ಜೊತೆಗೆ ಮೋಡಿ ಅಕ್ಷರ ತಿದ್ದಬೇಕು. ಆಮೇಲೆ ಅಪ್ಪನದೋ ಸೋದರಮಾವನದೋ ಗಾದಿಯ ಪಕ್ಕ ಕುಳಿತು ದಿನದ ಕಿರ್ದಿ ನೋಡಿ ಖತಾವಣಿಗೆ, ಅಂದರೆ ಲೆಡ್ಜರಿಗೆ, ಇಳಿಸುವ ಕೆಲಸ. ಪರೀಕ್ಷೆ ಇಲ್ಲ, ಪ್ರಮಾಣಪತ್ರವಿಲ್ಲ, ತಪ್ಪಿದರೆ ಬೈಗುಳ.

ಈ ವಿದ್ಯೆಯ ದೊಡ್ಡ ಮನೆ ಪೇಶ್ವೆಯರ ಹುಜೂರ್ ದಫ್ತರ. ಇನ್ನೂರಕ್ಕೂ ಹೆಚ್ಚು ಕಾರಕೂನರು ಅಲ್ಲಿ ಇದ್ದರು. ನಮ್ಮ ಧಾರವಾಡದ ಸೀಮೆಯೂ ಪೇಶ್ವೆಯರ ಕೈಗೆ ಸೇರಿದ ಮೇಲೆ ಅಲ್ಲಿನ ವಸೂಲಿಯೂ ಪುಣೆಗೆ ಲೆಕ್ಕ ಒಪ್ಪಿಸಬೇಕಾಯಿತು. ಈ ಲೆಕ್ಕವನ್ನೆಲ್ಲ ನೋಡಿಕೊಳ್ಳುವ ಫಡ್ನೀಸಿ ಭಾನು ಮನೆತನದ ವಂಶಪಾರಂಪರ್ಯದ ಹುದ್ದೆ. 1742ರಲ್ಲಿ ಹುಟ್ಟಿದ ನಾನಾ ಫಡ್ನವೀಸ್ ಹದಿಹರೆಯದಲ್ಲೇ ತಂದೆಯನ್ನು ಕಳೆದುಕೊಂಡು ಆ ದಾರಿ ಹಿಡಿದವನು. 1800ರಲ್ಲಿ ಅವನು ತೀರಿಕೊಂಡ. ಆಮೇಲೆ ಪೇಶ್ವೆ ಎರಡನೆಯ ಬಾಜೀರಾಯ ವಸೂಲಿಯನ್ನೇ ಹರಾಜಿಗೆ ಹಾಕಿದ. ಲೆಕ್ಕ ಕೇಳುವವರಿಲ್ಲದೆ ದಫ್ತರ ಪಾಳುಬಿತ್ತು, ಕಾಗದಗಳನ್ನು ಕಂಡವರು ಹೊತ್ತೊಯ್ದರು. ಮನೆತನಗಳನ್ನೇ ನಂಬಿದ ವಿದ್ಯೆಯ ದೌರ್ಬಲ್ಯ ಇದೇ ಎಂದು ನನಗೆ ಅನಿಸುತ್ತದೆ. ಕೇಳುವ ಯಜಮಾನ ಹೋದರೆ ಬರೆಯುವ ಕೈಯೂ ನಿಲ್ಲುತ್ತದೆ.

ಬ್ರಿಟಿಷರ ಶಾಲೆಗಳು ಬಂದವು, ಆದರೆ ಅವು ಕಣ್ಣಿಟ್ಟದ್ದು ಮೆಟ್ರಿಕ್ಯುಲೇಷನ್ ಮೇಲೆ. ಪ್ರೌಢಶಾಲೆಯಲ್ಲಿ ವ್ಯಾಪಾರ ವ್ಯವಹಾರಕ್ಕೆ ಒದಗುವ ಬೇರೊಂದು ಕವಲು ಬೇಕೆಂದು 1882ರ ಹಂಟರ್ ಶಿಕ್ಷಣ ಆಯೋಗ ಹೇಳಿತು. ಹೇಳಿದ್ದು ಹೆಚ್ಚು, ಆದದ್ದು ಕಡಿಮೆ.

ಪುಣೆಯ ಲೆಕ್ಕದ ಪಾಠ ಎಂದಾಗ ನನಗೆ ನೆನಪಾಗುವುದು ಗೋಪಾಲ ಕೃಷ್ಣ ಗೋಖಲೆ. ನ್ಯೂ ಇಂಗ್ಲಿಷ್ ಸ್ಕೂಲಿನಲ್ಲಿ ಮೇಷ್ಟರಾಗಿದ್ದಾಗ ಸಹೋದ್ಯೋಗಿ ಬಾಪಟರ ಜೊತೆ ಸೇರಿ ಶಾಲೆಗಳಿಗಾಗಿ ಅಂಕಗಣಿತದ ಪುಸ್ತಕ ಬರೆದರು. ಮುಂದೆ 1902ರಲ್ಲಿ ವೈಸ್‌ರಾಯ್ ಕರ್ಜನ್ನನ ಶಾಸನಸಭೆಯಲ್ಲಿ ಬಜೆಟ್ ಮೇಲೆ ಮಾತಾಡಲು ಎದ್ದರು. ಸರ್ಕಾರ ತೋರಿಸಿದ ಉಳಿತಾಯವನ್ನು ಎಲ್ಲರೂ ಹೊಗಳುತ್ತಿದ್ದಾಗ, ಅದು ದೇಶದ ಏಳಿಗೆಯಲ್ಲ, ರೂಪಾಯಿಯ ಬೆಲೆಯನ್ನು ಕೃತಕವಾಗಿ ಏರಿಸಿ, ತೆರಿಗೆಯನ್ನು ಮಾತ್ರ ಇಳಿಸದೆ ಕೂಡಿಟ್ಟ ಹಣ ಎಂದು ಅಂಕಿ ಸಮೇತ ತೋರಿಸಿದರು. ಜಮಾ ಖರ್ಚು ಬರೆಯಬಲ್ಲವರು ಮೊದಲೂ ಬೇಕಾದಷ್ಟು ಇದ್ದರು. ಬರೆದಿಟ್ಟ ಲೆಕ್ಕವನ್ನು ಸಭೆಯ ನಡುವೆ ಪ್ರಶ್ನಿಸಿದ್ದು ಈ ಮೇಷ್ಟರು.

ಕಾಮರ್ಸ್ ಮೊದಲು ಬಂದದ್ದು ಕಾಲೇಜಿಗೆ. 1913ರಲ್ಲಿ ಮುಂಬಯಿಯ ಸಿಡೆನ್‌ಹ್ಯಾಮ್, 1943ರಲ್ಲಿ ಪುಣೆಯ ವಾಣಿಜ್ಯ ಕಾಲೇಜು ಬಿ.ಎಂ.ಸಿ.ಸಿ. ಕಾಮರ್ಸ್ ಹದಿನಾರರ ವಯಸ್ಸಿಗೆ ಇಳಿದದ್ದು ಕೊಠಾರಿ ಶಿಕ್ಷಣ ಆಯೋಗದ ಮಾತಿನಂತೆ ಹತ್ತರ ಮೇಲೆ ಎರಡು ವರ್ಷ ಸೇರಿಸಿದ ಮೇಲೆ. ಆ ತರಗತಿಗಳ ಪರೀಕ್ಷೆ ನಡೆಸುವ ಮಹಾರಾಷ್ಟ್ರ ರಾಜ್ಯ ಮಂಡಳಿ ಪುಣೆಯದು, 1966ರಿಂದ. ಪಠ್ಯ ಅಚ್ಚುಹಾಕುವ ಬಾಲಭಾರತಿಯೂ ಪುಣೆಯದೇ, 1967ರದು; ಅಕ್ಕಲಕೋಟೆ, ಜತ್ತದ ನಮ್ಮ ಮಕ್ಕಳ ಕನ್ನಡ ಪುಸ್ತಕಗಳೂ ಅಲ್ಲಿಂದಲೇ ಬರುತ್ತವೆ.

ಹನ್ನೆರಡನೆಯ ತರಗತಿಯ ಬುಕ್ ಕೀಪಿಂಗ್ ಪುಸ್ತಕ ತೆರೆದು ನೋಡಿ. ಪಾಲುದಾರ ಸತ್ತರೆ ಅವನ ವಾರಸುದಾರರಿಗೆ ಎಷ್ಟು ಕೊಡಬೇಕು ಎಂದು ಒಂದು ಅಧ್ಯಾಯವೇ ಇದೆ. ಮನೆಯಲ್ಲಿ ಇನ್ನೂ ಪಾಕೆಟ್ ಮನಿ ಕೇಳುವ ವಯಸ್ಸಿಗೆ! ಆದರೂ ಅಪ್ಪನಿಗೆ ಅಂಗಡಿ ಇಲ್ಲದ ಹುಡುಗಿ ಕೂಡ ಅದನ್ನು ಕಲಿಯಬಹುದು. ಫಡ್ನೀಸರ ಕಾಲದಲ್ಲಿ ಇದು ಯೋಚನೆಗೂ ಬರುವ ಮಾತಲ್ಲ.

ಆ ಪುಸ್ತಕದ ಕೊನೆಯ ಅಧ್ಯಾಯ ಕಂಪ್ಯೂಟರಿನದು. ಬೆಂಗಳೂರಿನಲ್ಲಿ ಬೆಳೆದ ಟ್ಯಾಲಿಯಂಥ ತಂತ್ರಾಂಶಕ್ಕೆ ವೋಚರ್ ಒಂದು ಕೊಟ್ಟರೆ ಸಾಕು, ಖತಾವಣಿ ತಾನೇ ತುಂಬಿಕೊಳ್ಳುತ್ತದೆ. ಪರೀಕ್ಷೆಯಲ್ಲಿ ಮಾತ್ರ ಮಕ್ಕಳು ಇವತ್ತಿಗೂ ಸ್ಕೇಲು ಹಿಡಿದು ಗೆರೆ ಎಳೆದು, ಎಡಬಲಗಳ ಮೊತ್ತವನ್ನು ಕೈಯಿಂದಲೇ ಕೂಡಿಸುತ್ತಾರೆ.